ಪೆಟ್ಟಿಗಿ ಮ್ಯಾಲಿನ ಹೊಸ ಟೋಪಿ

…ಹಂಗಲ್ಲವ್ವ, ಬಿಲ್ಲೆ ಎಡಗಣ್ಣಿನ ಮ್ಯಾಲ ಬರಬೇಕು, ಬಟ್ಟಿ ಬಲಗಿವಿ ಕಡಿ ಜೋಲಬೇಕು. ನಿನ್ನ ಎನ್‌ಸಿಸಿ ಟೋಪಿ ಇನ್ನಾ ಹೊಸಾದು, ಹಪ್ಪಳ ಇದ್ದಂಗ ಸೆಟದು ನಿಂತದ. ನಿಮ್ಮ ದೊಡ್ಡಪ್ಪ ಮೊದಲ ಸಲ ತಂದಾಗೂ ಹಿಂಗೇ ಇತ್ತು. ದೊಡ್ಡಪ್ಪ ಅಂದ್ರ ನನ್ನ ಹಿರಿಮಗ ರೇವಣ್ಣ, ನೀವು ಫೋಟೋದಾಗಷ್ಟ ನೋಡೀರಿ. ಇಲ್ಲೇ ನಾಸಿಕ ರೋಡ್ ಕಡಿ ತೋಪಿನ ಪಲ್ಟಣದಾಗ, ಫಿರಂಗಿ ಹಾರಿಸೋ ಮಿಲಿಟ್ರ್ಯಾಗ, ಟ್ರೇನಿಂಗ್ ಆತು ಅವಂದು. ನಿಮ್ಮ ಅಜ್ಜ ಆಗ ಓಝರ್ ಕಡಿ ಕಾರ್ಖಾನ್ಯಾಗಿದ್ರು, "ಮಗ ಮನಿ ಬಾಜೂಕೇ ಇರ್ತಾನ" ಅಂತ ಖುಷಿನೋ ಖುಷಿ. ರಜಾ ಬಂದಾಗ ಏನ್ ಮಾಡ್ತಿದ್ದ ಗೊತ್ತದ ಏನು, ಆ ಕರಿ ಟೋಪಿ, ಅಲ್ಲಲ್ಲ, ಕರಿ ಅಂದ್ರ ಅವಗ ಸಿಟ್ಟು ಬರ್ತಿತ್ತು, "ಯವ್ವಾ, ಅದು ಕರಿ ಅಲ್ಲ, ದಟ್ಟ ನೀಲಿ" ಅಂತಿದ್ದ, ಆ ನೀಲಿ ಟೋಪಿ ಬಿಸಿನೀರಾಗ ನೆನಸಿ, ಹಿಂಡಿ, ಹಸೀದೇ ತಲಿಗಿ ಹಾಕ್ಕೊಂಡು, ಬಲಗಿವಿ ತನಕ ಎಳದು ಎಳದು, ಒಣಗೋ ತನಕ ಇದೇ ಪಡಸಾಲ್ಯಾಗ ಕೂಡ್ತಿದ್ದ. ಹೆಂಡತಿ ಸುವರ್ಣ ನೋಡಿ ನೋಡಿ ನಗ್ತಿದ್ಳು. ಆಕಿ ಮರಾಠಿ ಹುಡುಗಿ, ಊರಿನ ಹೆಸರು ಮಾತ್ರ ಕನ್ನಡ. ನಗಬ್ಯಾಡ್ರಿ, ಖರೇನೇ, ಸಂಭಾಜಿನಗರದ ಆಚಿಗಿ ಕನ್ನಡ ಅಂತ ಊರದ, ಅಲ್ಲಿ ಹುಡುಕಿದ್ರೂ ಕನ್ನಡ ಬರೋರು ಸಿಗಂಗಿಲ್ಲ. ಇರ್ಲಿ, ಏನ್ ಹೇಳ್ಲತ್ತಿದ್ದೆ…

ಹಾಂ. ಆಮ್ಯಾಲ ಅವಗ ಮಂಜಿನ ಗುಡ್ಡದ ಮ್ಯಾಲ ಹಾಕಿದ್ರು. ಒಂದಿನ ಮಂಜು ಕುಸದು, ತೋಪು ಇಟ್ಟ ಜಾಗಾನೇ ಮುಚ್ಚಿಬಿಟ್ಟಿತಂತ. ಪೆಟ್ಟಿಗಿ ಬಂತು. ಮೊಳಿ ಹೊಡದಿದ್ರು. "ತೆರಿಬ್ಯಾಡ್ರಿ ತಾಯಿ, ನೋಡಲಿಕ್ಕಾಗಲ್ಲ" ಅಂದ ಜೋಡಿ ಬಂದಿದ್ದ ಸಾಹೇಬ. ಪೆಟ್ಟಿಗಿ ಮ್ಯಾಲ ಧ್ವಜ, ಧ್ವಜದ ಮ್ಯಾಲ ಟೋಪಿ. ಆ ಟೋಪಿ ಮುಟ್ಟಿದೆ ನೋಡ್ರಿ. ಹೊಚ್ಚ ಹೊಸಾದು! ನೀರು ಕಾಣಲಾರದ್ದು, ತಲಿ ಎಣ್ಣಿ ಕಾಣಲಾರದ್ದು. "ಇದು ನನ್ನ ಮಗಂದಲ್ಲ" ಅಂದೆ. ನಿಮ್ಮ ಅಜ್ಜ "ಏ, ಸುಮ್ಮಿರು" ಅಂದ್ರು. "ಟೋಪಿ ಅವಂದಲ್ಲ ಅಂದ್ರ ಒಳಗಿದ್ದಂವ ಅಂವ ಹ್ಯಾಂಗ ಆಗ್ತಾನ್ರಿ? ಅದಲಾಬದಲಿ ಆಗ್ಯದ!" ಅಂತ ಚೀರಿದೆ. ಅವರು ಮಣ್ಣು ಮಾಡಿ ಬಂದ್ರು, ನಾ ಹೋಗ್ಲಿಲ್ಲ. ಐನೋರು ಬಂದ್ರು, ಕಾರ್ಯಕ್ಕ ಕೂಡ್ಲಿಲ್ಲ. ಸುವರ್ಣನ ಕೈಯಾನ ಬಳಿ ತಗೀಲಿಕ್ಕೂ ಯಾರಿಗೂ ಬಿಡ್ಲಿಲ್ಲ. ಆ ಹುಡುಗಿ ನನ್ನ ಮಾತೇ ನಂಬಿತು, ಏನ್ ಮಾಡ್ತದ, ಅದಕ್ಕೂ ಅದೇ ಬೇಕಾಗಿತ್ತು. ದಿನಾ ಸಂಜಿ ಅತ್ತಿ-ಸೊಸಿ ಗೇಟಿನ ಕಡಿ ಮಾರಿ ಮಾಡಿ ಕೂಡೋದು, ಕೂಡೋದು. ಮಳಿಗಾಲ ಹೋತು, ದ್ರಾಕ್ಷಿ ಬಂತು, ದ್ರಾಕ್ಷಿನೂ ಹೋತು.

ಮುಂದ ಒಂದು ಮುಂಜಾನಿ ಕಂಕುಳಾಗ ಕೋಲು ಹಿಡಕೊಂಡು ಒಬ್ಬ ಹುಡುಗ ಬಂದ. ರೇವಣ್ಣನ ಜೋಡಿದಾರ, ಬಲದೇವ ಅಂತ, ಹಿಂದಿಯಾಂವ. ಅದೇ ಮಂಜಿನಾಗ ಸಿಕ್ಕು ಕಾಲಿನ ಬೆರಳು ಹೋಗಿದ್ವು, ಇಷ್ಟು ದಿನ ದವಾಖಾನ್ಯಾಗಿದ್ದನಂತ. ಬ್ಯಾಗಿನಾಗಿಂದ ಒಂದು ಟೋಪಿ ತಗದ. "ಮಾಜೀ, ಮ್ಯಾಲ ಹೋಗೂಮುಂದ ಕಿವಿ ಮುಚ್ಚೋ ಉಣ್ಣಿ ಟೋಪಿ ಹಾಕ್ತೀವಿ. ಇದನ್ನ ರೇವಣ್ಣ ಕೆಳಗ ನನ್ನ ಟ್ರಂಕಿನಾಗ ಇಟ್ಟಿದ್ದ. ಪೆಟ್ಟಿಗಿ ಮ್ಯಾಲ ಮರ್ಯಾದಿಗಿ ಅಂತ ಹೊಸಾದು ಇಟ್ಟಾರ" ಅಂದ. ಕೈಯಾಗ ತಗೊಂಡೆ. ಬಲಗಡಿ ಜೋತಿತ್ತು. ಕೊಬ್ಬರಿ ಎಣ್ಣಿ ವಾಸನಿ. "ಅವನ್ನ ಹೊರಗ ತಗದಾಗ ನೀ ನೋಡಿದಿ ಏನಪ್ಪಾ?" "ನೋಡೀನಿ ಮಾಜೀ. ನನ್ನ ಬಾಜೂಕೇ ಮಲಗಿಸಿದ್ರು." ಕಣ್ಣಾಗ ನೀರು ಬರ್ಲಿಲ್ಲ ನನಗ. "ಹೋಗು, ಇದನ್ನೂ ತಗೊಂಡು ಹೋಗು" ಅಂದೆ. ಪಾಪ, ಎದ್ದು ಕೋಲು ಹುಡುಕ್ಲತ್ತಿದ. ಆಗ ಎಲ್ಲಾ ಕೇಳಿಸಿಕೊಂಡಿದ್ದ ಸುವರ್ಣ ಒಳಗಿಂದ ಬಂದು, "ಆಯೀ, ತ್ಯಾಲಾ ಆಧೀ ಜೇವೂ ದ್ಯಾ" ಅಂದ್ಳು, ಮೊದಲ ಅವಗ ಊಟಕ್ಕ ಹಾಕ್ರಿ ಅಂತ. ತಾನೇ ತಾಟು ತಂದಿಟ್ಳು. ಅಂವ ಎರಡು ತುತ್ತು ತಿಂದು ಬಿಕ್ಕಿಬಿಟ್ಟ. "ಮಾಜೀ, ನಾ ಇನ್ನಾ ನಮ್ಮವ್ವನ ಮನಿಗಿ ಹೋಗಿಲ್ಲ. ಆಕಿಗಿ ಮಗ ಬಂದ, ನಿಮಗ ಬರ್ಲಿಲ್ಲ. ಮೊದಲ ಇಲ್ಲೇ ಬಂದೆ." ಆಗ ನಾ ಅತ್ತುಬಿಟ್ಟೆ ನೋಡ್ರಿ, ಅಷ್ಟು ದಿನದ್ದು ಎಲ್ಲಾ ಅತ್ತುಬಿಟ್ಟೆ.

ಮರುದಿನ ನಾನೂ ಸುವರ್ಣನೂ ಅವನ್ನ ಮಣ್ಣು ಮಾಡಿದ ಜಾಗಕ್ಕ ಹೋಗಿ ದೀಪ ಹಚ್ಚಿ ಬಂದ್ವಿ. ಮುಂದ ಆಕಿನ್ನ ನಾವೇ ನಿಂತು ವೈಜಾಪುರಕ್ಕ ಕೊಟ್ಟು ಮದುವಿ ಮಾಡಿದ್ವಿ, ದೀಪಾವಳಿಗಿ ಬರ್ತಾಳಲ್ಲ ಮಕ್ಕಳನ್ನ ಕರಕೊಂಡು, ಆಕಿನೇ. ನೋಡ್ರವ್ವ, ಕೆಟ್ಟ ಸುದ್ದಿ ತಂದಂವನ್ನ ಬಾಗಿಲದಾಗ ನಿಂದ್ರಿಸಬಾರದು. ಅಷ್ಟು ದೂರ ಒಬ್ಬಾಂವೇ ಹೊತ್ತು ತಂದಿರ್ತಾನ. ಮೊದಲ ನೀರು ಕೊಡ್ರಿ, ಊಟಕ್ಕ ಹಾಕ್ರಿ, ಆಮ್ಯಾಲ ಅಳ್ರಿ.