ಒಂದು ತಟ್ಟಿದರೆ ನಿಲ್ಲು

ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನಡುವೆ ಬಾಯಿ ಹಾಕಬೇಡಿ. ಇದು ಆಗಿದ್ದು ನನ್ನ ಚಿಕ್ಕಮ್ಮನ ಮಗ ಹಾಯಿಲ್‌ಗೆ, ಇಲ್ಲೇ ನಮ್ಮೂರು ಮಆನ್‌ನಲ್ಲಿ.

ರಾತ್ರಿ ಮದುವೆ ಊಟ ಮುಗಿಸಿ ಒಬ್ಬನೇ ಮನೆಗೆ ಹೊರಟಿದ್ದ. ಹಜ್ ಯಾತ್ರಿಕರ ಹಳೇ ಬಾವಿ ದಾಟಿದರೆ ಲಾರಿ ಕಲಿಸುವ ಮೈದಾನ. ಬೆಳಿಗ್ಗೆ ಎಂಟಕ್ಕೆ ಟ್ರೇಲರ್ ಲೈಸೆನ್ಸಿನ ಪರೀಕ್ಷೆ. ಎರಡು ಸಲ ರಿವರ್ಸಿನಲ್ಲೇ ಮುಗ್ಗರಿಸಿದ್ದ. ಈ ಸಲವೂ ತಪ್ಪಿದರೆ ಅಕಬಾ ಬಂದರಿನ ಕೆಲಸ ಬೇರೆಯವರ ಪಾಲು. ಊರಲ್ಲಿ ಅವನನ್ನು 'ಮುಂದಕ್ಕೆ ಮಾತ್ರ ಹಾಯಿಲ್' ಎನ್ನುತ್ತಿದ್ದರು. ಅಂದವರಲ್ಲಿ ನಾನೂ ಒಬ್ಬ.

ಅಭ್ಯಾಸಕ್ಕೆಂದು ಲಾರಿ ಕಲಿಸುವ ಉಸ್ತಾದ್ ಅಬು ಫವಾಜ್ ಕೊಟ್ಟ ಕೀಲಿ ಜೇಬಿನಲ್ಲಿತ್ತು. ಒಂದೇ ಒಂದು ಸಲ ಅಂದುಕೊಂಡು ಮೈದಾನದಲ್ಲಿದ್ದ ಟ್ರೇಲರ್ ಲಾರಿ ಹತ್ತಿದ.

ಆ ಲಾರಿಗೆ ಹ್ಯಾಂಡ್‌ಬ್ರೇಕ್ ಹೆಸರಿಗಷ್ಟೇ. ಮೈದಾನವೋ ಹಿಂದಕ್ಕೆ ಇಳಿಜಾರು. ನಿಲ್ಲಿಸಿದಾಗೆಲ್ಲ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಹಾಯಿಲ್ ಕಲ್ಲನ್ನು ಇದ್ದಲ್ಲೇ ಬಿಟ್ಟು ಲಾರಿ ಮುಂದೆ ತೆಗೆದ. ಪಕ್ಕದ ಸಾಲಿಗೆ ಮೆಲ್ಲಗೆ ಹಿಂದೆ ಬರತೊಡಗಿದ.

ಧಬ್.

ಟ್ರೇಲರಿನ ಹಿಂಬದಿಯ ತಗಡಿಗೆ ಅಂಗೈ ಬಡಿದ ಸದ್ದು. ಒಂದೇ ಸಲ.

ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ಬಾ. ನಮ್ಮ ಲಾರಿಯವರ ಮನೆಯಲ್ಲಿ ಇದು ಕೂಸಿಗೂ ಗೊತ್ತು. ಹಾಯಿಲ್ ಬ್ರೇಕ್ ಒತ್ತಿದ. ಕನ್ನಡಿಯಲ್ಲಿ ಕೆಂಪು ಬೆಳಕು, ಧೂಳು... ಅಷ್ಟೇ. ಮುಂದಕ್ಕೆ ಹೋಗೋಣವೆಂದರೆ ಗೇರ್ ಅಲ್ಲಾಡಲಿಲ್ಲ. ಇಳಿದು ನೋಡೋಣವೆಂದರೆ, ಕಾಲು ತೆಗೆದರೆ ಲಾರಿ ಜಾರುತ್ತದೆ. ಸಿಕ್ಕಿಬಿದ್ದಿದ್ದ.

ಉಸ್ತಾದರಿಗೆ ಫೋನ್ ಮಾಡಿ ಪಿಸುಗುಟ್ಟಿದ. "ಉಸ್ತಾದ್... ಹಿಂದೆ ಯಾರೋ ತಟ್ಟಿದ್ರು. ಯಾರೂ ಕಾಣ್ತಿಲ್ಲ."

ಬೈಗುಳಕ್ಕೆ ಕಾದ. ಬರಲಿಲ್ಲ.

"ಎಷ್ಟು ಸಲ ತಟ್ಟಿದ್ರು?"

"ಒಂದು."

"ಹಂಗಾದ್ರೆ ಕಾಲು ತೆಗೀಬೇಡ ಮಗಾ. ಬರ್ತೀನಿ. ಫೋನ್ ಇಡಬೇಡ."

ಹಾಯಿಲ್ ಫೋನನ್ನು ಕಿವಿಗೊತ್ತಿಕೊಂಡು ಕೂತ. ಇಂಜಿನ್ ಗುರುಗುರು ಅನ್ನುತ್ತಲೇ ಇತ್ತು. ಆಮೇಲೆ...

ಧಬ್ ಧಬ್.

ಬಾ ಅಂತ.

ಮತ್ತೆ ಧಬ್ ಧಬ್. ಈ ಸಲ ಹತ್ತಿರ, ಕ್ಯಾಬಿನ್ನಿನ ಬೆನ್ನಿಗೇ. ಕಲಿತ ಪಾಠ ಮೈಗೆ ಹತ್ತಿತ್ತು ನೋಡಿ, ಕಾಲು ತಾನಾಗಿಯೇ ಸಡಿಲವಾಯಿತು. ಲಾರಿ ಒಂದು ಗೇಣು ಹಿಂದೆ ಉರುಳಿತು. ಹಾಯಿಲ್ ಎರಡೂ ಕಾಲಿಟ್ಟು ಬ್ರೇಕ್ ತುಳಿದ.

ಆಗ ಕಿಟಕಿಯಾಚೆಯಿಂದ ಉಸ್ತಾದರ ದನಿ. ಅದೇ ಒಡಕು ದನಿ. "ಬಾ ಮಗಾ... ಜಾಗ ಇದೆ. ಬಾ."

ಹಾಯಿಲ್‌ಗೆ ಹೋದ ಜೀವ ಬಂತು. "ಬಂದ್ರಾ ಉಸ್ತಾದ್?"

"ಎಲ್ಲಿ ಬಂದೆ?" ಎಂದರು ಉಸ್ತಾದ್, ಫೋನಿನಲ್ಲಿ. "ಇನ್ನೂ ಮನೇಲಿ ಚಪ್ಪಲಿ ಹುಡುಕ್ತಿದೀನಿ."

ಹಾಯಿಲ್ ಕೂತಲ್ಲೇ ಉಚ್ಚೆ ಹೊಯ್ದುಕೊಂಡ. ಅವನೇ ಹೇಳಿದ್ದು, ನಾನು ಸೇರಿಸಿದ್ದಲ್ಲ. ಆದರೆ ಕಾಲು ತೆಗೆಯಲಿಲ್ಲ.

ಉಸ್ತಾದ್ ಬಂದು ಚಕ್ರಕ್ಕೆ ಕಲ್ಲು ಕೊಟ್ಟು, ಟಾರ್ಚ್ ಬಿಟ್ಟರು. ಹಿಂದಿನ ಚಕ್ರದಿಂದ ನಾಲ್ಕು ಬೆರಳು ದೂರದಲ್ಲಿ ಒಂದು ತಲೆ. ಮೈದಾನದ ಕಾವಲುಗಾರ, ಕಿವುಡ ಖಲಫಜ್ಜ. ಹಾಸಿಗೆ, ದಿಂಬು ಸಮೇತ, ರಜಾಯಿ ಗದ್ದದವರೆಗೆ ಎಳೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಅಲುಗಾಡಿಸಿ ಎಬ್ಬಿಸಿದರೆ, "ನನ್ನ ಕೋಣೆಯಲ್ಲಿ ಮಲಗಿದ್ದೆ ಕಣಯ್ಯಾ, ಇಲ್ಲಿಗೆ ಹೊತ್ತು ತಂದೋರು ಯಾರು?" ಎಂದು ಅವರನ್ನೇ ಕೇಳಿದ.

ಬೆಳಿಗ್ಗೆ ಪರೀಕ್ಷೆಗೆ ಹ್ಯಾಂಡ್‌ಬ್ರೇಕ್ ಸರಿಯಿದ್ದ ಬೇರೆ ಲಾರಿ. ಅಧಿಕಾರಿ ಎರಡು ತಟ್ಟಿದ. ಹಾಯಿಲ್ ಕದಲಲಿಲ್ಲ. ಇಳಿದು ಹಿಂದೆ ಹೋಗಿ ನೋಡಿ ಬಂದ. ಅಧಿಕಾರಿ ಮತ್ತೆ ತಟ್ಟಿದ, ಇವನು ಮತ್ತೆ ಇಳಿದ. ಲೈಸೆನ್ಸೂ ಹೋಯಿತು, ಬಂದರಿನ ಕೆಲಸವೂ ಹೋಯಿತು. ಈಗ ಸಣ್ಣ ಗಾಡಿಯಲ್ಲಿ ಟೊಮೆಟೊ ಸಾಗಿಸುತ್ತಾನೆ. ಅವನಿಗಿಟ್ಟ ಹೆಸರನ್ನು ನಾನು ಮತ್ತೆ ಬಾಯಿಗೆ ತಂದಿಲ್ಲ.

ಸುಳ್ಳು ಅನ್ನುವವರು ಖಲಫಜ್ಜನ ಕೋಣೆ ನೋಡಿ ಬನ್ನಿ. ಆ ರಾತ್ರಿಯೇ ಅವನನ್ನು ಅಲ್ಲಿಗೆ ಕರೆದೊಯ್ದರೆ ಬಾಗಿಲು ತೆರೆಯಲಿಲ್ಲ. ಇರುವುದು ಒಂದೇ ಬಾಗಿಲು, ಒಂದೇ ಕಿಟಕಿ. ಕಿಟಕಿಗೆ ಕಬ್ಬಿಣದ ಸರಳು. ಉಸ್ತಾದ್ ಹಾರೆ ಹಾಕಿ ಬಾಗಿಲು ಒಡೆದರು. ಮಾರನೇ ದಿನ ಅದನ್ನು ರಿಪೇರಿ ಮಾಡಿದವನು ನಾನೇ. ಚಿಲಕ ಒಳಗಿನಿಂದ ಹಾಕಿತ್ತು.