ಕೆಂಪಿಲ್ಲದ ಬಾವುಟ

ರಷ್ಯಾದ ಪೆರ್ಮ್ ನಗರದ ಜೈಲಿನಲ್ಲಿ, ಕೈದಿಗಳಿಗೆ ತಂದ ಸಾಮಾನು ತೆಗೆದುಕೊಳ್ಳುವ ಕಿಟಕಿಯೆದುರು, ಗಂಡನಿಗೆಂದು ಈರುಳ್ಳಿ, ಚಹಾಪುಡಿ ಹಿಡಿದು ನಿಂತಿದ್ದ ಕ್ಲಾವ್ದಿಯಾಳ ಮುಂದೆ ಇಬ್ಬರು ತಾಯಂದಿರು ಮಾತಾಡುತ್ತಿದ್ದರು.

“ನಿನ್ನ ಮಗಳು ಏನು ಮಾಡಿದ್ಲಮ್ಮ?” ಎಂದಳು ಹಿರಿಯಳು.

“ಬಾಲ್ಕನಿಗೆ ಬಾವುಟ ಕಟ್ಟಿದ್ಲು. ಬಿಳಿ, ನೀಲಿ, ಬಿಳಿ. ಯುದ್ಧ ಬೇಡ ಅನ್ನೋರದ್ದು.”

“ನಮ್ಮ ಬಾವುಟದ ಕೆಂಪು ಎಲ್ಲಿ ಹೋಯ್ತು?”

“ಅದು ರಕ್ತದ ಬಣ್ಣ, ಬೇಡ ಅಂದ್ಲು.”

“ನನ್ನ ದೊಡ್ಡ ಮಗನ ಶವಪೆಟ್ಟಿಗೆಗೆ ಹೊದಿಸಿದ್ದು ಆ ಕೆಂಪಿರೋ ಬಾವುಟಾನೇ. ಅವನ ರಕ್ತ ಅವಳಿಗೆ ಅಸಹ್ಯವಾಯ್ತಾ?”

“ಅವಳು ಹಾಗಂದಿಲ್ಲ, ಅಕ್ಕ. ನೀವಿಲ್ಲಿ ಯಾಕೆ ಬಂದ್ರಿ?”

“ಚಿಕ್ಕವನು ಒಳಗಿದ್ದಾನೆ. ಅಣ್ಣನ್ನ ಮಣ್ಣು ಮಾಡಿ ಬಂದು, ನಾನು ಯುದ್ಧಕ್ಕೆ ಹೋಗಲ್ಲ ಅಂದ. ಸತ್ತವನಿಗೆ ಪದಕ ಕೊಟ್ರು, ಬದುಕ್ತೀನಿ ಅಂದವನಿಗೆ ಜೈಲು.”

ಕಿಟಕಿ ತೆರೆಯಿತು. ಇಬ್ಬರೂ ಚೀಲ ಎತ್ತಿಕೊಂಡು ಮುಂದೆ ಸರಿದರು. ಕ್ಲಾವ್ದಿಯಾ ಗಂಡನ ಈರುಳ್ಳಿ, ಚಹಾಪುಡಿ ಹಿಡಿದು ಅವರ ಹಿಂದೆಯೇ ಹೆಜ್ಜೆ ಹಾಕಿದಳು.