ಕೋರೆಯ ಇಳಿಜಾರಿನಲ್ಲಿ ಇನ್ನೊಬ್ಬನ ಹೆಜ್ಜೆ

ಆ ಬಾಗಿಲು ಹಾಕಿ ಬನ್ನಿ, ಹೇಳುತ್ತೇನೆ... ಇದು ಯಾರೋ ಕಟ್ಟಿದ ಕತೆ ಅಲ್ಲ. ಪರ್ಕಳದಲ್ಲಿ ನಮ್ಮ ಪಕ್ಕದ ರೂಮಿನ ಭೀಮೇಶನಿಗೆ ಆದದ್ದು. ಎರಡು ಸಾವಿರದ ಮೂರನೇ ಇಸವಿ ಇರಬೇಕು.

ಭೀಮೇಶ ಗಂಗಾವತಿ ಕಡೆಯವ. ಮಣಿಪಾಲದಲ್ಲಿ ಟೈಲ್ಸ್ ಹಾಕುವ ಕೆಲಸ. ಅವನ ಊರಿನವನೇ ಆದ ಮಲ್ಲಿನಾಥನೂ ಅದೇ ರೂಮಿನಲ್ಲಿದ್ದ. ಇಬ್ಬರಿಗೂ ಓಟದ ಹುಚ್ಚು. ಬೂಟು ಗೀಟು ಇಲ್ಲ, ಬರಿಗಾಲು. ಆ ವರ್ಷ ಕಾರ್ಕಳದಲ್ಲಿ ಗುಡ್ಡ ಹತ್ತಿ ಇಳಿಯುವ ಓಟ ಇಟ್ಟಿದ್ದರು. ಗೆದ್ದವನಿಗೆ ಒಂದು ಕಾಲೇಜಿನಲ್ಲಿ ಮೈದಾನ ನೋಡಿಕೊಳ್ಳುವ ಕಾಯಂ ಕೆಲಸ. ಕೆಲಸ ಒಂದೇ, ಗೆಳೆಯರು ಇಬ್ಬರು... ರೂಮಿನಲ್ಲಿ ಮಾತು ಕಡಿಮೆಯಾಯಿತು.

ಹತ್ತುವಾಗ ಭೀಮೇಶನೇ ಮುಂದೆ. ಇಳಿಯುವಾಗ ಮಾತ್ರ ಹಿಮ್ಮಡಿ ಊರಿ ಊರಿ ಮಂಡಿ ಹಿಡಿದುಕೊಳ್ಳುತ್ತಿತ್ತು, ಅಂಗಾಲಿನ ತುಂಬ ಬೊಕ್ಕೆ. ಮಲ್ಲಿನಾಥನೂ ಹಾಗೆಯೇ ಇದ್ದವ, ಈಗೀಗ ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿಯುತ್ತಿದ್ದ. "ಹೆಂಗ ಕಲತಿ?" ಅಂತ ಕೇಳಿದರೆ ಮುಖ ಆಚೆ ತಿರುಗಿಸುತ್ತಿದ್ದ. ಇವ ಏನೋ ಮುಚ್ಚಿಡುತ್ತಾನೆ ಅಂತ ಭೀಮೇಶನಿಗೆ ಗುಮಾನಿ.

ಒಂದು ದಿನ ಕೆಲಸ ಮುಗಿಯುವಾಗ ಕತ್ತಲೆಯಾಗಿತ್ತು. ಭೀಮೇಶ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯ ಪಕ್ಕದ ಇಳಿಜಾರಿನಲ್ಲಿ ರೂಮಿಗೆ ಹೊರಟ. ಅರ್ಧದಲ್ಲಿ ಒಂದು ಪಾಳು ಬಾವಿ ಉಂಟು. ಅಲ್ಲಿ ಬರುವಾಗ ಯಾರೂ ಇಲ್ಲ ಅಂತ ಚಪ್ಪಲಿ ಕೈಯಲ್ಲಿ ಹಿಡಿದು ಓಡಲು ಶುರು ಮಾಡಿದ.

ಧಪ್... ಧಪ್... ಧಪ್... ಅದು ಅವನ ಕಾಲಿನ ಸದ್ದು.

ಹಿಂದೆ ಇನ್ನೊಂದು. ತಪ ತಪ ತಪ ತಪ... ಒದ್ದೆ ಕೈಯಲ್ಲಿ ರೊಟ್ಟಿ ತಟ್ಟಿದ ಹಾಗೆ.

ನಿಂತ. ಅದೂ ನಿಂತಿತು.

"ಮಲ್ಯಾ... ನನ್ನ ಕಾಯಾಕತ್ತೀ ಏನಲೇ?"

ಉಸಿರು ಮಾತ್ರ. ಹುಸ್... ಹುಸ್...

ಸಿಟ್ಟಿನಲ್ಲಿ ಮತ್ತೆ ಓಡಿದ. ಈ ಸಲ ಕಿವಿಯ ಹತ್ತಿರವೇ ಪಿಸುಮಾತು.

"ಹಿಮ್ಮಡಿ ಊರಬೇಡ ಮಾರಾಯ... ಮುಂಗಾಲು ಮೊದಲು."

ಮಲ್ಲಿನಾಥ ಹುಟ್ಟಿದ ಮೇಲೆ ಒಮ್ಮೆಯೂ 'ಮಾರಾಯ' ಅಂದವನಲ್ಲ, ಅದು ನಮ್ಮ ಈ ಕಡೆಯವರ ಮಾತು.

"ಸಣ್ಣ ಸಣ್ಣ ಹೆಜ್ಜೆ... ಬೇಗ ಬೇಗ. ಮಂಡಿ ಸಡಿಲ ಬಿಡು... ಹಿಂದಕ್ಕೆ ವಾಲಬೇಡ. ಕಣ್ಣು ಕಾಲಿನ ಬುಡದಲ್ಲಿ ಎಂತಕ್ಕೆ? ಸ್ವಲ್ಪ ಮುಂದೆ ನೋಡು."

ಹೆದರಿಕೆಗೋ ಏನೋ, ಕಾಲು ಹೇಳಿದ ಹಾಗೆ ಕೇಳಿತು. ಧಪ್ ಧಪ್ ನಿಂತಿತು. ಎರಡು ಸದ್ದೂ ಒಂದೇ ಆಯಿತು... ತಪ ತಪ ತಪ ತಪ... ಜಲ್ಲಿ ಚುಚ್ಚಲಿಲ್ಲ, ಮಂಡಿ ನೋಯಲಿಲ್ಲ. ತಿರುಗಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಕೆಳಗೆ ರಸ್ತೆಯಲ್ಲಿ ಮಲ್ಲಿನಾಥ ಆಗಷ್ಟೇ ಉಡುಪಿ ಬಸ್ಸಿನಿಂದ ಇಳಿಯುತ್ತಿದ್ದ. ಭೀಮೇಶ ಅವನೆದುರು ಬಂದು ನಿಂತ. ನಿಂತ ಮೇಲೂ ಹಿಂದೆ ಇಳಿಜಾರಿನಲ್ಲಿ ತಪ ತಪ ಕೇಳುತ್ತಿತ್ತು... ಆಮೇಲೆ ಅದೂ ನಿಂತಿತು. ಇಬ್ಬರೂ ಕೇಳಿದರು.

"ನಿನಗೂ ಹೇಳಿಕೊಟ್ಟನೇನು?" ಮಲ್ಲಿನಾಥ ಪಿಸುಗುಟ್ಟಿದ.

"ಯಾರಲೇ ಅಂವ?"

"ಗೊತ್ತಿಲ್ಲ. ಹೇಳಿದ್ರ ಹುಚ್ಚ ಅಂತೀ ಅಂತ ಸುಮ್ಮನಿದ್ದೆ... ಆದ್ರ ಪುಕ್ಕಟೆ ಯಾಕ ಕಲಿಸ್ತಾನ? ಅದನ್ನ ನೆನಸಿದ್ರ ನಿದ್ದಿ ಬರವಲ್ದು."

ಅವತ್ತಿನಿಂದ ಇಬ್ಬರೂ ಆ ದಾರಿ ಬಿಟ್ಟರು. ರೂಮಿನಲ್ಲಿ ಮಾತು ಮತ್ತೆ ಶುರುವಾಯಿತು, ಆದರೆ ಮೆಲ್ಲಗೆ, ಯಾರೋ ಕೇಳಿಸಿಕೊಳ್ಳುತ್ತಾರೆ ಅನ್ನುವ ಹಾಗೆ.

ಕಾರ್ಕಳದ ಓಟದಲ್ಲಿ ಬೂಟು ಹಾಕಿದವರೆಲ್ಲ ಇಳಿಯುವಾಗ ಹಿಂದೆ ಬಿದ್ದರು. ಭೀಮೇಶ ಮೊದಲು, ಅವನ ಬೆನ್ನಿಗೇ ಮಲ್ಲಿನಾಥ. ಕೆಲಸ ಭೀಮೇಶನಿಗಾಯಿತು. ಮಲ್ಲಿನಾಥ ಬೇಜಾರು ಮಾಡಿಕೊಳ್ಳಲಿಲ್ಲ. "ಇನ್ನ ಅಂವ ಕಲಿಸಿದ್ದಕ್ಕ ಕೂಲಿ ಕೇಳೂದು ನಿನ್ನನ್ನ ಬಿಡು" ಅಂದ. ಭೀಮೇಶ ನಗಲಿಲ್ಲ.

ಅದೇ ಸಂಜೆ ಒಂದು ತೆಂಗಿನಕಾಯಿ ಹಿಡಿದು ಇಬ್ಬರೂ ಬಾವಿಯ ಹತ್ತಿರ ಹೋದರು. ಇಬ್ಬರೇ ಹೋಗಲು ಹೆದರಿಕೆ, ನನ್ನನ್ನೂ ಎಳೆದುಕೊಂಡು ಹೋದರು. ಟಾರ್ಚ್ ಹಿಡಿದವ ನಾನೇ. ಕಾಯಿ ಒಡೆದರು, ಕೈ ಮುಗಿದರು. ಕಲಿಸಿದ್ದಕ್ಕೆ ಇಂಥದ್ದು ಕೊಡು ಅಂತ ಯಾರೂ ಕೇಳಲಿಲ್ಲ...

ಬಾವಿಕಟ್ಟೆಯ ಮೇಲೆ ಒಂದು ಬನಿಯನ್ ಬಿದ್ದಿತ್ತು. ಬೆವರಿನಲ್ಲಿ ಪೂರಾ ಚಂಡಿ, ಹಿಂಡಿದರೆ ನೀರಿಳಿಯುವಷ್ಟು. ನಮ್ಮ ಮೂವರದ್ದೂ ಅಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಾನು ಈ ಕೈಯಲ್ಲಿ ಮುಟ್ಟಿ ನೋಡಿದ್ದೇನೆ.

ಇನ್ನೂ ಮೈಬಿಸಿ ಇತ್ತು.